ಒಂಟಿ ರಿಬ್ಬನ್ನಿನ ಮರ

ಅನಘಾ ಅವರ ಫೋನು ಬಂದಾಗ ರಘೂತ್ತಮ ಆಚಾರ್ಯರು ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಆಫೀಸು ಕಟ್ಟಡಗಳ ಹಿಂದೆ, ಕಂಪನಿಯ ಟ್ರಕ್ಕಿನಲ್ಲಿ ಕೂತು ಜೊತೆಗಾರ ಅವಿನಾಶರನ್ನು ಬೈದುಕೊಳ್ಳುತ್ತಿದ್ದರು. ಮಾಘ ಮಾಸದ ಚಳಿ. ಬೆಳಕು ಇನ್ನೂ ಹರಿದಿರಲಿಲ್ಲ. ಹೆದ್ದಾರಿಯ ಮೇಲೆ ಕಾರುಗಳ ದೀಪಗಳು ಆಗಲೇ ಸಾಲುಗಟ್ಟಿದ್ದವು. ಅವಿನಾಶ್ ಎಂದೂ ತಡ ಮಾಡಿದವರಲ್ಲ. ಅವತ್ತು ತಡ ಮಾಡಿದ್ದರು. ಇಷ್ಟು ವರ್ಷಕ್ಕೆ ಇವತ್ತೊಂದು ದಿನ ಇವನಿಗೆ ಅನ್ನಲು ಮಾತು ಸಿಕ್ಕಿತಲ್ಲ ಎಂದು ಆಚಾರ್ಯರು ಒಳಗೊಳಗೇ ಹಿಗ್ಗುತ್ತಿದ್ದರು. ಏನು ಅಂದರೆ ಸರಿಯಾಗಿ ತಾಗೀತು ಎಂದು ಮಾತು ಹೊಂದಿಸುತ್ತಿದ್ದರು.

"ಆಚಾರ್ರೇ, ಇವರು ಎದ್ದೇಳ್ಲಿಲ್ಲ," ಎಂದರು ಅನಘಾ. ಅವರು ಅವಿನಾಶರ ಹೆಂಡತಿ. "ಅಲಾರಂ ಹೊಡ್ಕೋತಾನೇ ಇತ್ತು. ಎಬ್ಬಿಸೋಕೆ ಹೋದೆ. ತಣ್ಣಗಾಗ್ಬಿಟ್ಟಿದ್ರು."

ಆಚಾರ್ಯರು ಮನೆಗೆ ಫೋನು ಮಾಡಿ ಹೆಂಡತಿ ಸೀತಾಬಾಯಿಗೆ ವಿಷಯ ತಿಳಿಸಿದರು. ಸೀತಾಬಾಯಿ ಅಳುತ್ತ, "ಇವತ್ತು ಏಕಾದಶಿ ಅಲ್ಲೇನ್ರಿ?" ಎಂದರು. ಹೌದು, ಮಾಘ ಶುದ್ಧ ಏಕಾದಶಿ, ಉತ್ತರಾಯಣ. ಆಚಾರ್ಯರ ಕಣ್ಣಲ್ಲಿ ನೀರು ಬಂತು. ಆ ನೀರಿನ ಹಿಂದೆಯೇ ಇನ್ನೊಂದೂ ಬಂತು. ಅದನ್ನು ಅವರು ಈಗಲೂ ಮುಚ್ಚಿಡುವುದಿಲ್ಲ, ಕೇಳಿದವರಿಗೆ ಹೇಳುತ್ತಾರೆ:

"ನಾನು ಸಣ್ಣಾಂವ ಇದ್ದಾಗಿಂದ ಏಕಾದಶಿ ನಿರ್ಜಲ ಮಾಡಿದಾಂವ ರೀ. ಅಂವ ಪ್ರತಿ ಏಕಾದಶಿ ನನ್ನ ಮುಂದನಽ ಬರ್ರಿಟೋ ತಿಂದು, 'ಆಚಾರ್ರೇ, ವಾಸನೆಗೆ ವ್ರತಭಂಗ ಆಗಲ್ಲ ತಾನೆ?' ಅಂತ ಕೇಳಾಂವ. ಈ ಸಾವು ಅವಗ ಸಿಕ್ತು! ನಿದ್ದ್ಯಾಗ, ನೋವಿಲ್ಲದ, ಏಕಾದಶಿ ದಿನ. ಇದನ್ನೂ ಅವನಽ ತಗೊಂಡು ಹೋದ."

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ, ಡಲ್ಲಾಸ್ ಸುತ್ತಿನ ಮರಗಳಿಗೆ ಕೆಲವು ವರ್ಷಗಳಿಂದ ಒಂದು ಪೀಡೆ ಹತ್ತುತ್ತಿದೆ; ಹ್ಯೂಸ್ಟನ್, ಆಸ್ಟಿನ್ ಊರುಗಳಿಗೂ ಅದರ ಭಯ. ಹಸಿರು ಮಿಂಚಿನ ಪುಟ್ಟ ಜೀರುಂಡೆ. ಅದಕ್ಕೆ ಬೇಕಾದುದು ಆ್ಯಶ್ ಎಂಬ ಒಂದೇ ಜಾತಿಯ ಮರ. ಅದರ ಮರಿಹುಳು ತೊಗಟೆಯ ಕೆಳಗೆ ಸುರಂಗ ಕೊರೆಯುತ್ತದೆ. ದುಂಬಿಯಾಗಿ ಹೊರಬರುವಾಗ ಇಂಗ್ಲಿಷಿನ 'ಡಿ' ಅಕ್ಷರದಂಥ ಸಣ್ಣ ತೂತು ಬಿಟ್ಟು ಹೋಗುತ್ತದೆ. ತೂತು ಕಣ್ಣಿಗೆ ಬೀಳುವ ಹೊತ್ತಿಗೆ ಮರದ ಕಥೆ ಮುಕ್ಕಾಲು ಮುಗಿದಿರುತ್ತದೆ. ಆದ್ದರಿಂದ ಹುಳು ಬರುವ ಮುಂಚೆಯೇ ಬೀದಿ ಬೀದಿ ತಿರುಗಿ, ಯಾವುದು ಆ್ಯಶ್, ಯಾವುದು ಅಲ್ಲ ಎಂದು ಗುರುತಿಸಬೇಕು. ಗಟ್ಟಿಯಿರುವ ಆ್ಯಶ್‌ಗೆ ಬುಡದಲ್ಲಿ ಔಷಧಿಯ ಸೂಜಿ, ಸತ್ತ ಆ್ಯಶ್‌ಗೆ ಗರಗಸ. ಹೀಗೆ ಗುರುತಿಸಿ ಆ್ಯಶ್ ಮರಕ್ಕೆ ರಿಬ್ಬನ್ ಕಟ್ಟುವ ಕೆಲಸ ರಘೂತ್ತಮ ಆಚಾರ್ಯರದು. ಔಷಧಿ ಕೊಡುವವರ ಹೆಸರು ಟ್ರಕ್ಕಿನ ಮೇಲೆ ಬರೆದಿರುತ್ತದೆ. ರಿಬ್ಬನ್ ಕಟ್ಟಿ ಹೋದವರು ಯಾರೆಂದು ಯಾರೂ ಕೇಳುವುದಿಲ್ಲ.

ಆಚಾರ್ಯರು ಧಾರವಾಡದವರು. ತಂದೆ ಪೌರೋಹಿತ್ಯ ಮಾಡುತ್ತಿದ್ದರು. ಹೋಮಕ್ಕೆ ಬೇಕಾದ ಸಮಿತ್ತು ತರುವ ಕೆಲಸ ಮಗನದಾಗಿತ್ತು. ಮುತ್ತುಗ, ಅತ್ತಿ, ಅರಳಿ, ಬನ್ನಿ ಎಂದು ಕಡ್ಡಿ ನೋಡಿಯೇ ಹೇಳುವುದನ್ನು ಅಲ್ಲಿ ಕಲಿತರು. ಮುಂದೆ ಡಲ್ಲಾಸಿನ ಒಂದು ದೇವಸ್ಥಾನಕ್ಕೆ ಅಡುಗೆಯವರಾಗಿ ಬಂದು ಬಹಳ ವರ್ಷ ಸೌಟು ಹಿಡಿದರು. ಒಲೆಯ ಹೊಗೆಗೆ ಎದೆ ಕಟ್ಟತೊಡಗಿದಾಗ ಡಾಕ್ಟರು ಹೊರಗಿನ ಗಾಳಿಯಲ್ಲಿ ಕೆಲಸ ಹುಡುಕಿಕೊಳ್ಳಿ ಎಂದರು. ಮರಗಳ ಆರೈಕೆಯ ಕಂಪನಿಯೊಂದಕ್ಕೆ ಸೇರಿದರು. ಅದೇ ದಿನ, ಅದೇ ಬೆಂಚಿನ ಮೇಲೆ, ಮೈಸೂರಿನ ಅವಿನಾಶ್ ಕೂತಿದ್ದರು. ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಮಾಡುತ್ತಿದ್ದು ಕೆಲಸ ಕಳೆದುಕೊಂಡವರು. "ನೀವೂ ಕನ್ನಡಾನಾ? ಸದ್ಯ, ಬೈಯೋಕಾದ್ರೂ ಒಬ್ರು ಸಿಕ್ಕಿದ್ರು," ಎಂಬುದು ಅವರ ಮೊದಲ ಮಾತು.

ಅರಳಿಗೂ ಬಸರಿಗೂ ವ್ಯತ್ಯಾಸ ಗೊತ್ತಿಲ್ಲದ ಆ ಮನುಷ್ಯ ಒಂದು ಬೇಸಿಗೆಯಲ್ಲಿ ಆಚಾರ್ಯರನ್ನು ಹಿಂದೆ ಹಾಕಿದರು. ಆಚಾರ್ಯರ ಎದೆಯಲ್ಲಿ ಮುಳ್ಳು ಮುರಿದದ್ದು ಅಲ್ಲಿಯೇ.

ಆಚಾರ್ಯರ ರೀತಿ ಬೇರೆ. ಟ್ರಕ್ಕಿನಿಂದ ಇಳಿಯಬೇಕು, ಕೊಂಬೆಯನ್ನು ಕೈಯಲ್ಲಿ ಹಿಡಿಯಬೇಕು. ಮೊದಲು ನೋಡುವುದು ಜೋಡಿ. ಆ್ಯಶ್ ಮರದಲ್ಲಿ ಎಲ್ಲವೂ ಎದುರುಬದುರು: ಕೊಂಬೆಗೆ ಎದುರು ಕೊಂಬೆ, ಮೊಗ್ಗಿಗೆ ಎದುರು ಮೊಗ್ಗು, ಎಲೆಗೆ ಎದುರು ಎಲೆ. ಒಂದೊಂದು ಎಲೆಯಲ್ಲಿ ಬೇವಿನ ಹಾಗೆ ಎಸಳುಗಳು ಇರುತ್ತವೆ, ತುದಿಯಲ್ಲಿ ಒಂಟಿ ಎಸಳು. ಬೀಜ ದೋಣಿಯ ಹುಟ್ಟಿನಂತೆ ಒಂದೇ ರೆಕ್ಕೆಯದು, ಗೊಂಚಲು ಗೊಂಚಲಾಗಿ ತೂಗುತ್ತದೆ. ಮುದಿಮರದ ತೊಗಟೆಯ ಮೇಲೆ ಶಂಕರಪೋಳಿ ಕತ್ತರಿಸಿದಂಥ ಗೀರುಗಳು.

"ಜೋಡಿ ಇಲ್ಲಂದ್ರ ಆ್ಯಶ್ ಅಲ್ಲ. ಆದ್ರ ಜೋಡಿ ಇದ್ರ ಆ್ಯಶ್ ಅಂತನೂ ಅಲ್ಲ," ಎನ್ನುತ್ತಾರೆ ಆಚಾರ್ಯರು. "ಬಾಕ್ಸ್ ಎಲ್ಡರ್ ಅಂತ ಒಂದು ಅದ, ಅದೂ ಜೋಡೀನಽ. ಅದರ ಎಳೀ ಕಡ್ಡಿ ಹಸರು ಇರ್ತದ, ಬೀಜಕ್ಕ ಎರಡು ರೆಕ್ಕಿ. ಒಮ್ಮೆ ಅದಕ್ಕ ನಾನು ರಿಬ್ಬನ್ ಕಟ್ಟಿಬಿಟ್ಟಿದ್ದೆ. ಆ ಕಥಿ ಅಂವ ಎಷ್ಟು ಮಂದಿಗೆ ಹೇಳಿದ್ದ ಅಂದ್ರ, ಆಸ್ಟಿನ್‌ದಾಗ ಗುರ್ತಿಲ್ಲದಾಕಿ ಒಬ್ಬಾಕಿ ಬಂದು, 'ಅಂಕಲ್, ಬಾಕ್ಸ್ ಎಲ್ಡರ್ ಅಂಕಲ್ ನೀವೇನಾ?' ಅಂದಳು."

ಜೋಡಿಯಿಲ್ಲದೆಯೂ ಮೋಸ ಮಾಡುವ ಮರಗಳು ಇನ್ನಷ್ಟಿವೆ. ಪಿಸ್ತಾ ಜಾತಿಯ ಚೀನಾ ಮರ ಡಲ್ಲಾಸಿನ ಬೀದಿಗಳಲ್ಲೆಲ್ಲ ಇದೆ. ಅದರ ಎಲೆಯನ್ನು ಹೊಸಕಿದರೆ ಘಾಟು, ತುದಿಯ ಎಸಳು ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಅಂಟುವಾಳದ ಬಂಧುವೊಂದು ಹಳ್ಳಗಳ ದಂಡೆಯಲ್ಲಿ ಬೆಳೆಯುತ್ತದೆ. ಕಾಯಿಯನ್ನು ನೀರಿನಲ್ಲಿ ಉಜ್ಜಿದರೆ ನೊರೆ. ಹ್ಯೂಸ್ಟನ್ ಕಡೆ ಆ್ಯಶ್ ಎಂಬ ಹೆಸರನ್ನೇ ಹೊತ್ತ ಮುಳ್ಳುಮರವಿದೆ, ಆದರೆ ಅದು ಆ್ಯಶ್ ಅಲ್ಲ. ಆಚಾರ್ಯರು ಅದರ ಎಲೆ ಕಚ್ಚಿ ನೋಡಿದರು. ನಾಲಿಗೆ ಜುಮ್ಮೆಂದಿತು. ಅಡುಗೆ ಕಲಿಯಲು ಉಡುಪಿಯವರ ಕೈಕೆಳಗೆ ಇದ್ದಾಗ ಕಂಡ ಜುಮ್ಮನಕಾಯಿ ಎಂಬ ಮಸಾಲೆಯ ಕುಲ ಅದು ಎಂದು ತಿಳಿಯಿತು. ಹೀಗೆ ಇಳಿದು, ಮುಟ್ಟಿ, ಮೂಸಿ, ಕಚ್ಚಿ, ಆಚಾರ್ಯರು ಹೌದು ಎನ್ನುವ ಹೊತ್ತಿಗೆ ಟ್ರಕ್ಕಿನೊಳಗಿಂದ ಅವಿನಾಶರ ದನಿ ಮೂರು ಮನೆ ಮುಂದಿರುತ್ತಿತ್ತು: "ಇಳೀಬೇಡಿ ಆಚಾರ್ರೇ, ಮಂಡಿ ನೋಯುತ್ತೆ. ಅದು ಆ್ಯಶ್, ಅದರಾಚೆದು ಪಿಸ್ತಾ, ಆ ಮೂಲೇದು ಆ್ಯಶ್."

ಚಲಿಸುವ ಟ್ರಕ್ಕಿನಿಂದ ಮರ ಹೇಳುವ ಕಣ್ಣು. ಆಚಾರ್ಯರಿಗೆ ಅದು ಬೇಕಿತ್ತು. ಬೇರೆಯವರ ಮನೆ, ಕಾರು, ಒಡವೆ ನೋಡಿ ಒಮ್ಮೆಯೂ ಕದಲದ ಮನುಷ್ಯ ಒಂದು ಜೊತೆ ಕಣ್ಣಿಗಾಗಿ ರಾತ್ರಿ ಮಗ್ಗುಲು ಬದಲಿಸಿದರು. ಕನ್ನಡ ಸಂಘಗಳಲ್ಲಿ ಅವಿನಾಶರ ಭಾಷಣ ಇರುತ್ತಿತ್ತು. ಜನ ಅವರನ್ನು 'ಮರದ ಅವಿನಾಶ್' ಎನ್ನುತ್ತಿದ್ದರು. ಅಂತ್ಯಕ್ರಿಯೆಗೆ ಹ್ಯೂಸ್ಟನ್ನಿನಿಂದಲೂ ಕಾರುಗಳು ಬಂದವು. ಅಲ್ಲಿ ಯಾರೋ ಆಚಾರ್ಯರ ಕೈ ಹಿಡಿದು, "ನೀವು ಅವರ ಹೆಲ್ಪರ್ ಅಲ್ವಾ ಅಂಕಲ್?" ಎಂದು ಮರುಗಿದರು. ಮನೆಗೆ ಬಂದು ಸ್ನಾನ ಮಾಡಿ ಕೂತರೂ ಆ ಮಾತು ತೊಳೆದು ಹೋಗಲಿಲ್ಲ.

"ಸತ್ತವರ ಮ್ಯಾಲೂ ಹೊಟ್ಟಿಕಿಚ್ಚು ಏನ್ರಿ ನಿಮ್ದು?" ಎಂದರು ಸೀತಾಬಾಯಿ.

"ಬದುಕಿದ್ದಾಗ ಅವನ ಮ್ಯಾಲೆ ಮಾಡಿದ್ದು ಮುಗದಿಲ್ಲಲ್ಲ," ಎಂದರು ಆಚಾರ್ಯರು.

ಇಬ್ಬರ ನಡುವೆ ಒಂದು ಕಟ್ಟಳೆ ಇತ್ತು. ಅವಿನಾಶರದು ಹಳದಿ ರಿಬ್ಬನ್, ಆಚಾರ್ಯರದು ಬಿಳಿ. ಒಬ್ಬರು ಆ್ಯಶ್ ಎಂದರೆ ಸಾಲದು. ಎರಡು ರಿಬ್ಬನ್ ಬಿದ್ದರೆ ಮಾತ್ರ ಆ್ಯಶ್. ಒಂದೇ ಬಿದ್ದರೆ ಮೇಲ್ವಿಚಾರಕರು ಬಂದು ನೋಡಬೇಕು. ಒಂಟಿ ರಿಬ್ಬನ್ನಿನ ಮರಗಳಲ್ಲಿ ಕೊನೆಗೆ ಗೆಲ್ಲುತ್ತಿದ್ದುದು ಹೆಚ್ಚುಕಡಿಮೆ ಯಾವಾಗಲೂ ಹಳದಿಯೇ.

ಅವಿನಾಶರು ತೀರುವ ಎರಡು ದಿನ ಮೊದಲು ಇಬ್ಬರೂ ಡಲ್ಲಾಸಿನ ಉತ್ತರಕ್ಕಿರುವ ಫ್ರಿಸ್ಕೋದಲ್ಲಿದ್ದರು. ಹೊಸ ಮನೆಗಳ ಬಡಾವಣೆ, ಹಿಂದೆ ಹಳ್ಳ, ಹಳ್ಳದ ಪಕ್ಕ ಹಳೆಯ ಹೊಲದ ಕಾಲದ ಕೆಲವು ಮರಗಳು. ಅಲ್ಲೊಂದು ಮನೆಯ ಹಿತ್ತಲಿನಲ್ಲಿ ಇಬ್ಬರೂ ನಿಂತುಬಿಟ್ಟರು. ದೊಡ್ಡ ಮರವೊಂದರ ಬುಡಕ್ಕೆ ನೂಲು ಸುತ್ತಿದೆ, ಒಂದು ಸುತ್ತಲ್ಲ, ನೂರಾರು. ಅರಿಸಿನ ಕುಂಕುಮ ದಪ್ಪನಾಗಿ ಬಳಿದಿದೆ. ಬುಡದಲ್ಲಿ ಎರಡು ಹಣತೆ. ಮನೆಯ ಅಜ್ಜಿ ಶಾಂತವ್ವ ಸೆರಗು ಹೊದ್ದು ಪ್ರದಕ್ಷಿಣೆ ಹಾಕುತ್ತಿದ್ದಾರೆ.

"ಇದು ಆ್ಯಶ್ ಅಂತ ಮನಿ ಮಾರಿದಾಂವ ಹೇಳ್ಯಾನ್ರಿ," ಎಂದರು ಶಾಂತವ್ವ. "ಆ್ಯಶ್ ಅಂದ್ರ ಅಶ್ವತ್ಥ. ಈ ಮಂದಿಗೆ ಪೂರ್ತಿ ಹೆಸರು ಹೇಳಾಕ ಬರೂದಿಲ್ಲ, ಅರ್ಧಾ ಮಾಡ್ಯಾರ."

ಅವಿನಾಶರು ಕೆಮ್ಮಿ ನಗೆ ನುಂಗಿದರು. "ಹೇಳ್ಬೇಡಿ ಆಚಾರ್ರೇ, ಪಾಪ," ಎಂದು ಕಿವಿಯಲ್ಲಿ ಉಸುರಿದರು. ಹತ್ತಿರ ಹೋಗಿ ನೋಡೋಣವೆಂದರೆ ಶಾಂತವ್ವ ಬಿಡಲೊಲ್ಲರು: "ಬೂಟ ಕಳೀರಿ. ನೂಲ ಮುಟ್ಟಬ್ಯಾಡ್ರಿ. ಟೊಂಗಿ ಕಡದ್ರ ನೋಡ್ರಿ ಮತ್ತ!" ತೊಗಟೆಯ ಬಹುಭಾಗ ನೂಲಿನ ಕೆಳಗೆ. ಕೆಳಗಿನ ಕೊಂಬೆಗಳನ್ನು ಯಾರೋ ಹಿಂದೆಯೇ ಸವರಿದ್ದಾರೆ. ಮರ ಬೋಳು. ನೆಲದ ಮೇಲೆ ಹುಟ್ಟಿನಾಕಾರದ ಒಂಟಿರೆಕ್ಕೆಯ ಬೀಜಗಳು ಚೆಲ್ಲಿವೆ. ಅವಿನಾಶರು ನಿಂತಲ್ಲಿಂದಲೇ ಹೇಳಿದರು: "ಆ್ಯಶ್." ಉದ್ದ ಕೋಲಿನ ತುದಿಯಿಂದ ಹಳದಿ ರಿಬ್ಬನ್ನನ್ನು ಎತ್ತರದ ಕವಲಿಗೆ ಸಿಕ್ಕಿಸಿದರು.

ಆಚಾರ್ಯರು ದುರ್ಬೀನು ಏರಿಸಿದರು. ಕಡ್ಡಿಗಳು ಒಂದು ಇತ್ತ, ಒಂದು ಅತ್ತ. ಜೋಡಿ ಕಾಣಲಿಲ್ಲ. "ಅಲ್ಲ," ಎಂದರು.

"ಜೋಡೀಲಿ ಒಂದು ಉದುರಿ ಹೋದ್ರೆ ಉಳಿದಿದ್ದು ಒಂಟಿ ಥರಾನೇ ಕಾಣುತ್ತೆ, ನೀವೇ ಹೇಳಿಕೊಟ್ಟಿದ್ದು," ಎಂದರು ಅವಿನಾಶರು. ಅದೂ ನಿಜ. ಗಾಳಿಗೆ, ಹಿಮಕ್ಕೆ ಜೋಡಿಯಲ್ಲಿ ಒಂದು ಮುರಿದು ಬೀಳುತ್ತದೆ. ಮೊದಲಿನಿಂದಲೂ ಒಂಟಿಯೋ, ಜೋಡಿ ಕಳೆದುಕೊಂಡದ್ದೋ ಎಂದು ದೂರದಿಂದ ಹೇಳುವುದು ಕಷ್ಟ. "ಬೀಜ ಈ ಮರದ್ದಲ್ಲ, ಪಕ್ಕದ ಮನಿ ಆ್ಯಶ್‌ದು. ಗಾಳಿಗೆ ಬಂದದ," ಎಂದರು ಆಚಾರ್ಯರು. ಅವಿನಾಶರು ನಕ್ಕರು. "ಎಲೆ ಬರ್ಲಿ ಸ್ವಾಮಿ. ನೀವು ಗೆದ್ರೆ ನಿಮಗೊಂದು ಶಾಲು ಹೊದಿಸ್ತೀನಿ, ಸಂಘದ ಸ್ಟೇಜ್ ಮೇಲೇ."

ಎಲೆ ಬರುವ ಮೊದಲು ಅವರೇ ಹೋದರು.

ಯುಗಾದಿ ಬಂತು. ಪಕ್ಕದ ಮನೆಯ ಆ್ಯಶ್ ತಳಿರೊಡೆಯಿತು, ಬೀದಿಯ ಆ್ಯಶ್‌ಗಳೆಲ್ಲ ಹಸಿರಾದವು. ಶಾಂತವ್ವನ ಮರ ಮಾತ್ರ ಬೋಳು. ಮೇಲ್ವಿಚಾರಕರು ಬಂದು ಬೇಲಿಯಾಚೆ ನಿಂತು ನೋಡಿದರು. ಆ್ಯಶ್, ಹುಳು ಹೊಡೆದು ಸತ್ತಿದೆ, ಸೋಮವಾರ ಕಡಿಯಿರಿ ಎಂದರು. ಆಚಾರ್ಯರು ಅದು ಆ್ಯಶ್ ಅಲ್ಲವೆಂದರು. ರಿಬ್ಬನ್ ಕಟ್ಟಿದವರು ಅವಿನಾಶ್, ಅವರು ಯಾವತ್ತಾದರೂ ತಪ್ಪಿದ್ದುಂಟೇ ಎಂದು ಮೇಲ್ವಿಚಾರಕರು ಕೇಳಿದರು. ಇಷ್ಟು ವರ್ಷ ಒಲೆಯಲ್ಲಿ ಬೂದಿ ಮುಚ್ಚಿಕೊಂಡಿದ್ದ ಕೆಂಡವನ್ನು ಆ ಪ್ರಶ್ನೆ ಕೆದಕಿತು.

"ಪಿಕಾನ್ ಮರ ಅದು," ಎಂದು ಆಚಾರ್ಯರು ಪಟ್ಟು ಹಿಡಿದರು. ಪಿಕಾನ್ ಅಕ್ರೋಟಿನ ಬಂಧು, ಎಲ್ಲಕ್ಕಿಂತ ಕಡೆಗೆ ಚಿಗುರುವ ಮರ; ಅದು ಚಿಗುರಿದ ಮೇಲೆಯೇ ಚಳಿ ಮುಗಿಯಿತೆಂದು ಟೆಕ್ಸಸ್ಸಿನ ರೈತರು ನಂಬುತ್ತಾರೆ. ತಡವಾಗಿ ಏಳುವುದು ಅದರ ಸ್ವಭಾವ, ಸಾವಲ್ಲ. "ರಾಮನವಮಿ ಕಳೀಲಿ, ಅಲ್ಲೀತನಕ ಕಡೀಬ್ಯಾಡ. ನಂದು ತಪ್ಪಾದ್ರ ಈ ರಿಬ್ಬನ್ ಚೀಲಾ ನಿನ್ನ ಟೇಬಲ್ ಮ್ಯಾಲೆ ಇಟ್ಟು ಮನಿಗೆ ಹೋಗ್ತೀನಿ." ಇದನ್ನು ಅವರು ತಮಗೆ ಬರುವ ಇಂಗ್ಲಿಷಿನಲ್ಲಿ ಹೇಳಿದರು. ಮೇಲ್ವಿಚಾರಕರು ಕೈ ಚೆಲ್ಲಿ ಒಪ್ಪಿದರು.

ಸೀತಾಬಾಯಿಗೆ ಸುದ್ದಿ ಮುಟ್ಟಿದಾಗ ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ಖರೇ ಹೇಳ್ರಿ. ಮರಾ ಉಳಿಸ್ಲಿಕ್ಕೆ ಹೊಂಟೀರೋ, ಅವನ್ನ ಸೋಲಿಸ್ಲಿಕ್ಕೆ ಹೊಂಟೀರೋ?"

"ಎರಡೂ ಒಂದಽ ಮರದಾಗ ಅದಾವ, ಏನ್ ಮಾಡ್ಲಿ?"

ಅಂದಿನಿಂದ ದಿನಾ ಬೆಳಗಿನ ಜಾವ, ಸ್ನಾನ ಸಂಧ್ಯಾವಂದನೆ ಮುಗಿಸಿ, ಕೆಲಸಕ್ಕೆ ಹೋಗುವ ಮೊದಲು ಆಚಾರ್ಯರು ಫ್ರಿಸ್ಕೋಗೆ ಡ್ರೈವ್ ಮಾಡುತ್ತಾರೆ. ಬೂಟು ಕಳಚಿ, ಇಬ್ಬನಿಯ ಹುಲ್ಲಿನಲ್ಲಿ ಬರಿಗಾಲಲ್ಲಿ ನಿಂತು ದುರ್ಬೀನು ಏರಿಸುತ್ತಾರೆ. ಶಾಂತವ್ವ ಪ್ರದಕ್ಷಿಣೆ ಹಾಕುತ್ತಲೇ ಕೇಳುತ್ತಾರೆ: "ಬಂತೇನ್ರಿ?" "ಇಲ್ಲವ್ವಾ." "ನಾಳೆ ಬರ್ತೈತಿ ತಗೋರಿ. ಚಾ ಕುಡೀತೀರೇನು?" ಕೆಲವು ದಿನ ಆಚಾರ್ಯರಿಗೆ ಭಯವೂ ಆಗುತ್ತದೆ. ಮರ ನಿಜಕ್ಕೂ ಸತ್ತಿದ್ದರೆ? ಸತ್ತ ಅವಿನಾಶ್ ಇನ್ನೊಮ್ಮೆ ಗೆದ್ದರೆ?

ರಾಮನವಮಿಯ ಪಾನಕ ಹಂಚಿದ ಮೂರನೆಯ ಬೆಳಗು, ಮರದ ನೆತ್ತಿಯಲ್ಲಿ ಹಸಿರಿನ ಸುಳಿವು ಕಾಣುತ್ತದೆ. ಆಚಾರ್ಯರು ದುರ್ಬೀನಿನ ಗುಂಡಿ ತಿರುಗಿಸುತ್ತಾರೆ. ಮೊಗ್ಗು ಒಡೆದು ಎಳೆಯೆಲೆ ಹೊರಬಂದಿದೆ. ಒಂದು ಇತ್ತ. ಅದರ ಮೇಲೆ ಇನ್ನೊಂದು ಅತ್ತ. ಎದುರಿಗೆ ಏನೂ ಇಲ್ಲ. ಉದುರಿದ ಗುರುತೂ ಇಲ್ಲ. ಎಸಳುಗಳು ಕುಡುಗೋಲಿನಂತೆ ಬಾಗಿವೆ, ಎಣಿಕೆಯಲ್ಲೂ ಆ್ಯಶ್‌ಗೆ ಇರುವುದಕ್ಕಿಂತ ಬಹಳ ಹೆಚ್ಚು. ಪಿಕಾನ್. ಅನುಮಾನವೇ ಇಲ್ಲ.

"ನೋಡಿದ್ಯಾ?" ಎಂದು ಆಚಾರ್ಯರು ಗಟ್ಟಿಯಾಗಿ ಕೂಗುತ್ತಾರೆ.

"ಯಾರಿಗಂದ್ರಿ?" ಎನ್ನುತ್ತಾರೆ ಶಾಂತವ್ವ. ಆಚಾರ್ಯರು ತಿರುಗಿದ್ದು ಬೇಲಿಯಾಚೆ ನಿಂತ ಟ್ರಕ್ಕಿನ ಕಡೆಗೆ. ಅದರೊಳಗೆ, ಅವಿನಾಶರು ಕೂರುತ್ತಿದ್ದ ಜಾಗದಲ್ಲಿ, ಯಾರೂ ಇಲ್ಲ. ಆಚಾರ್ಯರು ದುರ್ಬೀನು ಇಳಿಸಿ ಹುಲ್ಲಿನ ಮೇಲೆ ಕೂತುಬಿಡುತ್ತಾರೆ.

ಸ್ವಲ್ಪ ಹೊತ್ತಿನ ಮೇಲೆ ಅವರು ಅಜ್ಜಿಗೆ ನಿಜ ಹೇಳುತ್ತಾರೆ. ಇದು ಆ್ಯಶ್ ಅಲ್ಲ. ಆ್ಯಶ್ ಆಗಿದ್ದರೂ ಅಶ್ವತ್ಥ ಆಗುತ್ತಿರಲಿಲ್ಲ. ಶಾಂತವ್ವ ನೂಲಿನ ಉಂಡೆ ಸುತ್ತುತ್ತಲೇ ಕೇಳಿಸಿಕೊಳ್ಳುತ್ತಾರೆ. "ನಾ ಏನ ದಡ್ಡಿ ಅನ್ಕೊಂಡೀರೇನ್ರಿ? ಅರಳಿ ಎಲಿ ಹೆಂಗಿರ್ತೈತಿ ನನಗ ಗೊತ್ತಿಲ್ಲೇನು? ಸುತ್ತಾಕ ಒಂದು ಮರ ಬೇಕಾಗಿತ್ತು. ಹೆಸರು ಮನಿ ಮಂದಿ ಸಮಾಧಾನಕ್ಕ. ಕಡಿಯೂದಿಲ್ಲಲ್ಲ?"

"ಕಡಿಯೂದಿಲ್ಲವ್ವಾ."

"ಅಷ್ಟಽ ಸಾಕು."

ಹಳದಿ ರಿಬ್ಬನ್ನನ್ನು ಬಿಚ್ಚಬೇಕಿತ್ತು. ಅದು ಮೇಲಿರುವ ತನಕ ಮರಕ್ಕೆ ಗರಗಸದ ಭಯ ತಪ್ಪದು. ಆಚಾರ್ಯರು ಕೋಲು ಎತ್ತುತ್ತಾರೆ, ಇಳಿಸುತ್ತಾರೆ. ಆಮೇಲೆ ಕೊಕ್ಕೆ ಸಿಕ್ಕಿಸಿ ಎಳೆಯುತ್ತಾರೆ. ಅವಿನಾಶ್ ಕಟ್ಟಿದ ರಿಬ್ಬನ್ ಒಂದನ್ನಾದರೂ ತಮ್ಮ ಕೈಯಿಂದ ಬಿಚ್ಚಬೇಕೆಂದು ಎಷ್ಟೋ ವರ್ಷ ಹಂಬಲಿಸಿದ್ದರು; ಬಿಚ್ಚಲು ಸಿಕ್ಕಿದ್ದು ಅದೊಂದೇ.

ಸಂಜೆ ಅದನ್ನು ಒಯ್ದು ಅನಘಾ ಅವರ ಮುಂದಿಟ್ಟರು. ತಾವೇ ಹೇಳದಿದ್ದರೆ ಇನ್ನೊಬ್ಬರ ಬಾಯಿಂದ ಹೋಗಿ ಅವರ ಮನಸ್ಸು ನೊಂದೀತು ಎಂದು ಅಂಜಿಕೆ. "ಇದೊಂದು ಅವಗ ತಪ್ಪಿತ್ತಮ್ಮಾ," ಎಂದರು.

ಅನಘಾ ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಂಡರು. ಆ ಮನೆಯಲ್ಲಿ ಬಹಳ ದಿನಗಳ ನಂತರ ನಗುವಿನಂಥದೊಂದು ಕೇಳಿಸಿತು. "ಇದೊಂದೇನಾ? ಮನೇಲಿ ದಿನಾ ತಪ್ತಿದ್ರು ಆಚಾರ್ರೇ. ಕೊತ್ತಂಬರಿ ತನ್ನಿ ಅಂದ್ರೆ ಪಾರ್ಸ್ಲಿ ತರೋರು. ಮರದ ಮೇಷ್ಟ್ರು!" ಎದ್ದು ಒಳಗೆ ಹೋಗಿ, ಬೀರುವಿನಿಂದ ಒಂದು ಶಾಲು ತಂದರು. ಸಂಘದವರು ಅವಿನಾಶರಿಗೆ ಹೊದಿಸಿದ ಶಾಲುಗಳಲ್ಲಿ ಒಂದು. "ನೀವು ಗೆದ್ರೆ ಕೊಡ್ಬೇಕು ಅಂತ ಆವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳಿದ್ರು. ಹೊಸದು ತರ್ಬೇಕಿತ್ತು..."

ಆಚಾರ್ಯರು ಶಾಲನ್ನು ಮುಟ್ಟಲಿಲ್ಲ. "ಇರಲಮ್ಮಾ. ಸ್ಟೇಜ್ ಮ್ಯಾಲೆ ಅಂದಿದ್ದ. ಅಂವ ಬಂದು ಹೊದಿಸ್ಲಿ," ಎಂದು ಎದ್ದುಬಂದರು.

ಈಗ ಆಚಾರ್ಯರಿಗೆ ಟೇಲರ್ ಊರಿನಿಂದ ಹೊಸ ಜೊತೆಗಾರರೊಬ್ಬರು ಬಂದಿದ್ದಾರೆ. ರೂಬೆನ್ ಎಂದು ಹೆಸರು, ಇವರ ವಯಸ್ಸಿನವರೇ, ಸಜ್ಜನರು. ಪಿಕಾನ್ ಮರದ ಸುದ್ದಿ ಕೇಳಿದಂದಿನಿಂದ ಅವರು ಆಚಾರ್ಯರ ಬಾಯನ್ನೇ ನೋಡುತ್ತಾರೆ. ಬಿಳಿ ರಿಬ್ಬನ್ ಬಿದ್ದ ಕಡೆಗೆಲ್ಲ ಅವರ ಹಳದಿಯೂ ಬೀಳುತ್ತದೆ. ಮೇಲ್ವಿಚಾರಕರೂ ಈಗ ಮರ ನೋಡಲು ಬರುವುದಿಲ್ಲ. ಆಚಾರ್ಯರು ಹೇಳಿದರೆ ಮುಗಿಯಿತು. ಬೇಕೆಂದು ಹಂಬಲಿಸಿದ್ದು ಹೀಗೆ ಕೈಗೆ ಬಂದಿದೆ. ಆಚಾರ್ಯರು ಮಾತ್ರ ಮೊದಲಿಗಿಂತ ನಿಧಾನವಾಗಿದ್ದಾರೆ. ಗೊತ್ತಿರುವ ಮರಕ್ಕೂ ಎರಡು ಸಲ ಇಳಿಯುತ್ತಾರೆ, ಮೊಗ್ಗು ಉದುರಿದ ಕಲೆಯನ್ನು ಉಗುರಿನಿಂದ ಸವರಿ ನೋಡುತ್ತಾರೆ.

"ಅಲ್ಲ ಅನ್ನಾವ್ರು ಇಲ್ಲಂದ್ರ ನನ್ನ ಹೌದಕ್ಕ ಏನು ಬೆಲಿ ರೀ? ಅಂವ ಎದುರಿಗಿದ್ದ, ಅದಕ್ಕ ನನ್ನ ಕಣ್ಣು ಚೂಪಿತ್ತು. ಈಗ ತಪ್ಪಿದ್ರ ಕೂಗಿ ಹೇಳಾವ್ರು ಯಾರು?"

ನಿಮಗೇನು ಆಸೆ ಎಂದು ಕೇಳಿದರೆ ಆಚಾರ್ಯರು ಟ್ರಕ್ಕಿನ ಬಾಗಿಲಿಗೆ ಒರಗಿ ಯೋಚಿಸುತ್ತಾರೆ. ಬೀದಿಯ ತುದಿಯ ಆ್ಯಶ್ ಮೇಲೆ ಬಿಸಿಲು ಬೀಳುತ್ತಿದೆ. "ನನಗೂ ಏಕಾದಶಿ ಸಾವು ಸಿಕ್ರ ಛಲೋ. ಸಿಗದಿದ್ರ ದ್ವಾದಶಿ ಆದ್ರೂ ನಡೀತದ," ಎಂದು ನಗುತ್ತಾರೆ. ಆಮೇಲೆ ನಗು ಇಳಿಯುತ್ತದೆ. "ಅಂವ ಮುಂದ ಹೋಗ್ಯಾನ. ಅಲ್ಲೀ ಮರಾ ಎಲ್ಲಾ ವಿಮಾನದಾಗ ಕೂತನಽ ನೋಡಿ, ಅದು ಪಾರಿಜಾತ, ಇದು ಕಲ್ಪವೃಕ್ಷ ಅಂತ ರಿಬ್ಬನ್ ಕಟ್ಟಿ ಮುಗಿಸಿರ್ತಾನ. ಒಂದರೆ ಮರ ನನಗ ಅಂತ ಬಿಟ್ಟಿರ್ಲಿ."

ಆಚಾರ್ಯರು ಬೂಟು ಕಳಚಿ, ಬೆಳಕು ಬರುವ ದಿಕ್ಕಿಗೆ ತಿರುಗಿ ಕೈ ಮುಗಿಯುತ್ತಾರೆ. "ಶ್ರೀಹರೀ, ನನ್ನ ಅವಿನಾಶಗ ನಿನ್ನ ಪಾದದ ನೆರಳಾಗ ಜಾಗಾ ಕೊಡು. ಅವನ ಜೀವಕ್ಕ ಶಾಂತಿ ಸಿಗ್ಲಿ."